ವಸುಂಧರಕ್ಕನ ಕಿವಿಗೆ ಬಿದ್ದ ಜಕಾರ್ತ

ಆಕ್ಲೆಂಡಿನ ದಕ್ಷಿಣಕ್ಕಿರುವ ನಮ್ಮ ಪಾಮರ್ಸ್ಟನ್ ನಾರ್ತ್‌ನ ಕನ್ನಡಿಗರಲ್ಲಿ ಅರ್ಧಕ್ಕರ್ಧ ಜನ ಕಾರು ಕಲಿತದ್ದು ವಸುಂಧರಕ್ಕನ ಪಕ್ಕ ಕೂತು. ನಾನೂ ಅವರಲ್ಲೊಬ್ಬ. ಮೈಸೂರಿನ ಬೀದಿಗಳಲ್ಲಿ ಸ್ಕೂಟರ್ ಓಡಿಸಿ ಎಲ್ಲ ಬರುತ್ತದೆ ಎಂದುಕೊಂಡು ಬಂದವನು ಇಲ್ಲಿನ ಮೊದಲ ಪರೀಕ್ಷೆಯಲ್ಲೇ ಫೇಲಾಗಿದ್ದೆ. ಯೂನಿವರ್ಸಿಟಿಯ ಹುಡುಗರು ಅವರ ನಂಬರ್ ಕೊಟ್ಟರು. ಮರುದಿನ ಹಳದಿ ಬಣ್ಣದ ಎಲ್ ಫಲಕ ಹಚ್ಚಿದ ಸಣ್ಣ ಬಿಳಿ ಕಾರು ನಮ್ಮ ಫ್ಲ್ಯಾಟಿನ ಮುಂದೆ ನಿಂತಿತು. ಒಳಗೆ ಐವತ್ತು ದಾಟಿದ ಹೆಂಗಸು, ತಲೆಗೆ ಉಣ್ಣೆಯ ಟೊಪ್ಪಿಗೆ, ಹಣೆಯಲ್ಲಿ ಸಣ್ಣ ಕುಂಕುಮ. ನಾನು ಬಾಗಿಲು ತೆಗೆದು ಆಂಟಿ ಎಂದೆ.

"ಆಂಟಿ ಅಂದ್ರ ನಾ ಮುದುಕಿ ಆಗ್ತೀನಿ, ನೀ ಸಣ್ಣ ಹುಡುಗ ಆಗ್ತಿ. ಸ್ಟಿಯರಿಂಗ್ ಹಿಡಿಯೋವಾಗ ಎರಡೂ ಛಲೋ ಅಲ್ಲ. ಅಕ್ಕ ಅನ್ನು," ಎಂದರು.

ಅಂದಿನಿಂದ ಅಕ್ಕ.

ಧಾರವಾಡದವರು. ಆಹಾರ ತಂತ್ರಜ್ಞಾನ ಓದಲು ಈ ಊರಿಗೆ ಬಂದು, ಓದು ಮುಗಿದ ಮೇಲೆ ಹಾಲಿನ ಪುಡಿ ಮಾಡುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಗಂಡ ಗುರುರಾಜ್ ನಗರಸಭೆಯಲ್ಲಿ ಕುಡಿಯುವ ನೀರಿನ ವಿಭಾಗದ ಎಂಜಿನಿಯರ್. ಮಗಳು ಕೃಪಾ ಹುಟ್ಟಿದ್ದು ಇಲ್ಲೇ. ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಭಾನುವಾರ ಮನೆಯ ಕಾರಿನಲ್ಲಿ ಪುಕ್ಕಟೆ ಪಾಠ ಹೇಳುತ್ತಾ ಹೇಳುತ್ತಾ ಅಕ್ಕನಿಗೆ ಅದೇ ರುಚಿಸಿತು. ಕಾರ್ಖಾನೆ ಬಿಟ್ಟು, ಬೇಕಾದ ಪರೀಕ್ಷೆ ಕಟ್ಟಿ, ತಮ್ಮ ಕಾಲ ಬಳಿಯೂ ಒಂದು ಬ್ರೇಕ್ ಇರುವ ಕಾರು ಕೊಂಡು ಡ್ರೈವಿಂಗ್ ಟೀಚರ್ ಆಗಿಬಿಟ್ಟರು. ಕಾರು ಬಿಟ್ಟುಕೊಂಡು ಹೋಗುವಾಗ ನಾವು ತಪ್ಪು ಮಾಡಿದರೂ ಅವರು ಕಿರುಚಿದ್ದನ್ನು ಯಾರೂ ಕೇಳಿಲ್ಲ. ಸೈಕಲ್ಲಿನವರು ಎದುರಾದರೆ "ಅಂವ ಯಾರದೋ ಮನಿ ಮಗ ಇದ್ದಾನ" ಎನ್ನುವರು, ಅಷ್ಟೇ. ನಾವಾಗಿಯೇ ನಿಧಾನ ಮಾಡುತ್ತಿದ್ದೆವು.

ನಾನು ಪಾಸಾಗಿ, ಓದು ಮುಗಿಸಿ, ಇಲ್ಲೇ ಕೆಲಸ ಹಿಡಿದ ಮೇಲೂ ಅವರ ಮನೆಗೆ ಹೋಗಿ ಬರುವುದು ಇತ್ತು. ಆಮೇಲೆ ಒಂದು ಚಳಿಗಾಲದಿಂದ ಅಕ್ಕ ಸಿಗುವುದೇ ನಿಂತಿತು. ಪಾಠ ನಿಲ್ಲಿಸಿದರು. ಕನ್ನಡ ಬಳಗದ ಊಟಕ್ಕೆ ಬರಲಿಲ್ಲ. ಫೋನ್ ಮಾಡಿದರೆ ಗುರುರಾಜರೇ ಎತ್ತಿ, ಸ್ವಲ್ಪ ಸುಸ್ತು ಎಂದು ಹೇಳುತ್ತಿದ್ದರು. ದೊಡ್ಡವರಾಗಿಬಿಟ್ಟರು, ನಮ್ಮನ್ನು ಮರೆತರು ಎಂದು ಕೆಲವರು ಆಡಿಕೊಂಡರು. ನಡೆದದ್ದೇನು ಎಂಬುದು ಅವರೇ ಹೇಳಿದಾಗ ತಿಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಚಳಿಗಾಲದಲ್ಲಿ ಅವರಿಗೆ ಜ್ವರ ಬಂದು ಬಿಟ್ಟಿತ್ತು. ಎದ್ದು ಓಡಾಡುವಂತಾದ ಮೇಲೆ, ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಾಗ ಸಣ್ಣಗೆ ಸೀಟಿ ಊದಿದಂಥ ಸದ್ದು ಕೇಳಿತು. ಕೆಟಲ್ ಇರಬೇಕು ಎಂದುಕೊಂಡರು. ಕೆಟಲ್ ಆರಿದ ಮೇಲೂ ಸದ್ದು ನಿಲ್ಲಲಿಲ್ಲ. ಫ್ರಿಜ್ಜಿಗೆ ಕಿವಿ ಇಟ್ಟು ನೋಡಿದರು. ಹೀಟರ್ ಆರಿಸಿದರು. ವೈಫೈ ಡಬ್ಬಿಯ ತಂತಿ ಕಿತ್ತರು. ಕೊನೆಗೆ ಗ್ಯಾರೇಜಿಗೆ ಹೋಗಿ ಇಡೀ ಮನೆಯ ಮೇನ್ ಸ್ವಿಚ್ಚನ್ನೇ ಕೆಳಗೆ ಮಾಡಿದರು. ಮನೆ ಪೂರಾ ತಣ್ಣಗಾಯಿತು. ಆ ನಿಶ್ಶಬ್ದದಲ್ಲಿ ಸೀಟಿ ಮೊದಲಿಗಿಂತ ಜೋರಾಗಿತ್ತು. ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದ ಗುರುರಾಜ್ ಹೊರಬಂದು ಕರೆಂಟ್ ಎಲ್ಲಿ ಹೋಯಿತು ಎಂದು ಕೇಳಿದರು.

"ನಿಮಗ ಕೇಳಸ್ತದೇನ್ರೀ?"

"ಏನು?"

"ಈ ಸದ್ದು."

ಗುರುರಾಜ್ ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟರು. ಏನೂ ಇಲ್ಲ ಎಂದರು. ಅವರ ಮುಖ ನೋಡಿದಾಗಲೇ ತಮಗೆ ಗೊತ್ತಾಯಿತು, ಸದ್ದು ಮನೆಯೊಳಗಿಲ್ಲ, ತಮ್ಮ ತಲೆಯೊಳಗಿದೆ ಎಂದು ಅಕ್ಕ ನನಗೆ ಹೇಳಿದರು.

ಡಾಕ್ಟರು ನೋಡಿದರು. ಕಿವಿಯ ತಜ್ಞೆಯೂ ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದಳು. ಭಯಪಡುವಂಥದ್ದು ಏನೂ ಇಲ್ಲ, ಗೆಡ್ಡೆಯಿಲ್ಲ ಗಂಟಿಲ್ಲ, ಕಿವಿ ಸ್ವಲ್ಪ ಮಂದವಾಗಿದೆ, ಕೇಳಿಸದ ಸದ್ದಿನ ಜಾಗದಲ್ಲಿ ಮಿದುಳು ತಾನೇ ಒಂದು ಸದ್ದು ತುಂಬಿಸಿಕೊಳ್ಳುತ್ತಿದೆ ಎಂದಳು. ಅದಕ್ಕೆ ಟಿನಿಟಸ್ ಎಂದು ಹೆಸರು. ಔಷಧವಿಲ್ಲ, ಅಭ್ಯಾಸ ಮಾಡಿಕೊಳ್ಳಬೇಕು. ಪೂರ್ತಿ ನಿಶ್ಶಬ್ದದಲ್ಲಿ ಕೂರಬೇಡಿ ಎಂದೂ ಹೇಳಿದ್ದಳಂತೆ. ಆ ಮಾತು ಅಕ್ಕನ ತಲೆಗೆ ಹೋಗಲೇ ಇಲ್ಲ. ಔಷಧವಿಲ್ಲ ಎಂಬ ಒಂದೇ ಮಾತನ್ನು ಹಿಡಿದುಕೊಂಡು ಮನೆಗೆ ಬಂದರು. ಗದ್ದಲದಿಂದಲೇ ಕಿವಿ ಕೆಟ್ಟಿದೆ, ಇನ್ನಷ್ಟು ಗದ್ದಲವಾದರೆ ಸೀಟಿ ಇನ್ನಷ್ಟು ಜೋರಾಗುತ್ತದೆ ಎಂದು ತಾವೇ ತೀರ್ಮಾನ ಮಾಡಿಕೊಂಡರು.

ನಮ್ಮ ಊರೋ, ಮೊದಲೇ ಸಪಾಟು, ಮೊದಲೇ ತಣ್ಣಗಿನದು. ಸಂಜೆ ಐದಾದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ಅಕ್ಕ ಅದೂ ಸಾಲದೆಂದು ಕಿಟಕಿಗಳಿಗೆ ದಪ್ಪ ಪರದೆ ಹಾಕಿಸಿದರು. ಮಿಕ್ಸಿ ಹಚ್ಚಲಿಲ್ಲ, ಟಿವಿ ಹಾಕಲಿಲ್ಲ. ಅಂಥ ಮನೆಯಲ್ಲಿ ಸೀಟಿಯೊಂದಿಗೆ ಒಬ್ಬರೇ ಕೂತರು. ಕಾರಿನಲ್ಲಿ ಕಲಿಯುವವರ ಪಕ್ಕ ಕೂತರೆ ಇಂಡಿಕೇಟರಿನ ಟಿಕ್ ಟಿಕ್ ಜೊತೆ ಇದೂ ಸೇರಿ ತಲೆ ಒಡೆಯುವಂತಾಗುತ್ತಿತ್ತು. ಪಾಠ ನಿಲ್ಲಿಸಿದ್ದು ಅದಕ್ಕೇ. ಗಂಡ, ಮಗಳು ಬಿಟ್ಟರೆ ಯಾರಿಗೂ ಹೇಳಲಿಲ್ಲ. ಕಿವಿಯಲ್ಲಿ ಇಲ್ಲದ ಸದ್ದು ಕೇಳುತ್ತದೆ ಎಂದರೆ ಜನ ತಲೆ ಕೆಟ್ಟಿದೆ ಅನ್ನುತ್ತಾರೆ ಎಂಬ ಅಂಜಿಕೆ.

ಆ ಹೊತ್ತಿಗೆ ಕೃಪಾ ಇಂಡೊನೇಷ್ಯಾದ ರಾಜಧಾನಿ ಜಕಾರ್ತದಲ್ಲಿದ್ದಳು. ಪ್ರವಾಹದ ನೀರನ್ನು ಊರಿನಿಂದ ಹೊರಗೆ ಸಾಗಿಸುವ ಯೋಜನೆಯೊಂದರಲ್ಲಿ ಕೆಲಸ. ಅಮ್ಮ ಅಪ್ಪನನ್ನು ಬಾ ಬಾ ಎಂದು ಕರೆಯುತ್ತಲೇ ಇದ್ದಳು. ಅಕ್ಕ ಆ ಊರಿನ ವಿಡಿಯೊ ನೋಡಿ, ಆ ಟ್ರಾಫಿಕ್ ನೋಡಿ, ಇದು ತಮ್ಮ ಕಿವಿಗೆ ಮರಣದಂಡನೆ ಎಂದು ಒಂದಲ್ಲ ಒಂದು ನೆಪ ಹೇಳಿದರು. ಆಮೇಲೆ ಒಂದು ದಿನ ಕೃಪಾ ಬೈಕ್ ಟ್ಯಾಕ್ಸಿಯಿಂದ ಇಳಿಯುವಾಗ ಕಾಲು ಚರಂಡಿಯ ಸಂದಿಗೆ ಸಿಕ್ಕಿ ಹರಡಿನ ಹತ್ತಿರ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿದ್ದಾರೆ, ಒಬ್ಬಳೇ ನಿಭಾಯಿಸುತ್ತೇನೆ ಎಂದಳು. ಗುರುರಾಜರ ಆಫೀಸಿನಲ್ಲಿ ದೊಡ್ಡ ಕೊಳವೆ ಬದಲಿಸುವ ಕೆಲಸ ನಡೆದಿತ್ತು, ರಜೆ ಸಿಗುವಂತಿರಲಿಲ್ಲ. ಅಕ್ಕ ಅಂದೇ ಟಿಕೆಟ್ ಮಾಡಿಸಿದರು. ಹೋಗುವ ಮುಂಚೆ ಔಷಧದಂಗಡಿಯಿಂದ ಕಿವಿಗೆ ತುರುಕುವ ಮೆತ್ತನೆಯ ಬೂಚುಗಳ ದೊಡ್ಡ ಡಬ್ಬಿಯೊಂದನ್ನು ತಂದರು.

ಆಕ್ಲೆಂಡಿನಿಂದ ಸಿಂಗಪುರ, ಅಲ್ಲಿಂದ ಜಕಾರ್ತ, ಅಷ್ಟು ದೂರವೂ ಬೂಚು ತೆಗೆಯಲಿಲ್ಲ. ಬೂಚಿನ ಒಳಗೆ ಸೀಟಿ ಒಂದೇ ಸಮ ಊದುತ್ತಿತ್ತು. ಇಲ್ಲೇ ಹೀಗಾದರೆ ಅಲ್ಲಿ ಹೇಗೋ ಎಂದು ಕಣ್ಣು ಮುಚ್ಚಿ ಕೂತಿದ್ದರಂತೆ.

ವಿಮಾನ ನಿಲ್ದಾಣದ ಹೊರಗೆ ಇಂಗ್ಲಿಷಿನಲ್ಲಿ ಅವರ ಹೆಸರು ಬರೆದ ರಟ್ಟು ಹಿಡಿದು ಗುಂಡಗಿನ ಹೆಂಗಸೊಬ್ಬರು ನಿಂತಿದ್ದರು, ಹೂವಿನ ಚಿತ್ತಾರದ ತಲೆವಸ್ತ್ರ, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ. ಕೃಪಾ ಇದ್ದ ಮನೆಯ ಮಾಲಕಿ, ಎಂಡಾಂಗ್. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅಲ್ಲಿ ಹಿರಿಯ ಹೆಂಗಸರನ್ನು ಅಮ್ಮಾ ಎಂಬ ಅರ್ಥದಲ್ಲಿ ಬು ಎಂದು ಕರೆಯುತ್ತಾರೆ, ಹೀಗಾಗಿ ಎಲ್ಲರಿಗೂ ಬು ಎಂಡಾಂಗ್. ಅವರು ಏನೋ ಹೇಳಿದರು, ಅಕ್ಕನಿಗೆ ಬಾಯಿ ಆಡುವುದಷ್ಟೇ ಕಂಡಿತು. ಮನೆಗೆ ಕರೆದೊಯ್ಯಲು ಬಂದವರ ಮುಂದೆ ಕಿವಿಗೆ ಬೂಚು ಇಟ್ಟುಕೊಂಡು ನಿಲ್ಲುವುದು ಮರ್ಯಾದೆಯಲ್ಲ ಎನಿಸಿ ಎರಡನ್ನೂ ತೆಗೆದು ಪರ್ಸಿಗೆ ಹಾಕಿದರು. ವಸುಂಧರಾ ಅಂದರೆ ಜಾವಾದವರ ಹೆಸರಿನ ಹಾಗೇ ಇದೆಯಲ್ಲ, ನೀವು ಖಂಡಿತ ನಮ್ಮವರೇ ಎಂದು ಬು ಎಂಡಾಂಗ್ ನಗುತ್ತಿದ್ದರು.

ಕಾರು ಅವರೇ ಓಡಿಸಿಕೊಂಡು ಬಂದಿದ್ದರು. ಅಲ್ಲಿಯೂ ನಮ್ಮಲ್ಲಿಯಂತೆ ಎಡಬದಿಯ ಸಂಚಾರ. ಹಾಗಾಗಿ ಅಕ್ಕ ಕೂತದ್ದು ತಾವು ವರ್ಷಗಟ್ಟಲೆ ಕೂತು ಪಾಠ ಹೇಳಿದ ಎಡಗಡೆಯ ಸೀಟಿನಲ್ಲೇ. ಹೆದ್ದಾರಿ ಮುಗಿದು ಊರು ಶುರುವಾದದ್ದೇ ತಡ, ಅವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತತೊಡಗಿತು.

ಮೋಟರ್ ಬೈಕುಗಳು ಎಡಕ್ಕೂ ಬಲಕ್ಕೂ ಮುಂದಕ್ಕೂ ನೀರು ನುಗ್ಗಿದ ಹಾಗೆ ಬರುತ್ತಿದ್ದವು. ಒಂದು ಬೈಕಿನ ಮೇಲೆ ಗಂಡ, ಹೆಂಡತಿ, ನಡುವೆ ನಿದ್ದೆ ಹೋದ ಕೂಸು. ಇನ್ನೊಂದರ ಮೇಲೆ ಒಬ್ಬ ಮನುಷ್ಯ ಮತ್ತು ಅವನ ಎರಡರಷ್ಟು ಎತ್ತರಕ್ಕೆ ಕಟ್ಟಿದ ಪ್ಲಾಸ್ಟಿಕ್ ಕುರ್ಚಿಗಳು. ಹಸಿರು ಜಾಕೀಟು ಹಾಕಿದ ಬೈಕ್ ಟ್ಯಾಕ್ಸಿಯವರು ಅರ್ಧ ಮೊಳದ ಜಾಗದಲ್ಲಿ ತೂರಿಕೊಂಡು ಹೋಗುತ್ತಿದ್ದರು. ಯಾರೂ ಭುಜದ ಮೇಲಿಂದ ಹಿಂದೆ ತಿರುಗಿ ನೋಡುತ್ತಿಲ್ಲ. ಇಂಡಿಕೇಟರ್ ಹಾಕುವವರು ಹಾಕುತ್ತಾರೆ, ಬಿಡುವವರು ಬಿಡುತ್ತಾರೆ. ಪಾಮರ್ಸ್ಟನ್ ನಾರ್ತ್‌ನಲ್ಲಿ ಇವರಲ್ಲಿ ಒಬ್ಬರನ್ನೂ ಪಾಸು ಮಾಡಲಾರೆ ಎಂದುಕೊಂಡರು ಅಕ್ಕ. ಆದರೆ ನೋಡುತ್ತಾ ನೋಡುತ್ತಾ ಒಂದು ಸಂಗತಿ ಕಂಡಿತು. ಯಾರ ಮುಖದಲ್ಲೂ ಸಿಟ್ಟಿಲ್ಲ. ಅಡ್ಡ ಬಂದವನಿಗೆ ಜಾಗ ಬಿಟ್ಟು ಮುಂದೆ ಹೋಗುತ್ತಾರೆ. ಹಾರ್ನು ಇತ್ತು, ಬೈಗುಳದ ಹಾರ್ನಲ್ಲ, ನಾನಿಲ್ಲಿದ್ದೇನೆ ಎನ್ನುವಂಥ ಚಿಕ್ಕದೊಂದು ಪೀಂ.

ರಸ್ತೆಯ ನಡುವೆ ಹಿಂದಕ್ಕೆ ತಿರುಗುವ ಜಾಗದಲ್ಲಿ ಹವಾಯಿ ಚಪ್ಪಲಿಯ ಒಬ್ಬಾತ ಬಾಯಲ್ಲಿ ಸೀಟಿ ಇಟ್ಟುಕೊಂಡು, ಒಂದು ಕೈಯಿಂದ ಬರುವವರನ್ನು ತಡೆದು, ಇನ್ನೊಂದು ಕೈಯಿಂದ ಇವರನ್ನು ಕರೆದ. ಬು ಎಂಡಾಂಗ್ ಕಿಟಕಿ ಇಳಿಸಿ ಅವನ ಕೈಗೆ ಒಂದು ನಾಣ್ಯ ಇಟ್ಟು ತಿರುಗಿದರು. ಪೊಲೀಸರೇ ಎಂದು ಅಕ್ಕ ಕೇಳಿದರು. ಅಲ್ಲವಂತೆ. ಯಾರೂ ನೇಮಿಸಿದವನಲ್ಲ, ತಾನೇ ನಿಂತುಕೊಂಡವನು. ಪೊಲೀಸರದು ಅಗೋ ಅಲ್ಲಿ ಎಂದು ಅವರು ತೋರಿಸಿದ ಕಟ್ಟಡದ ಫಲಕದ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ "ಭಯಂಕರ" ಎಂದು ಬರೆದಿತ್ತು. ಅಕ್ಕ ಎರಡೆರಡು ಸಲ ಓದಿದರು. ಅಲ್ಲಿ ಆ ಪದಕ್ಕೆ ಕಾಪಾಡುವವರು ಎಂಬ ಅರ್ಥ, ಪೊಲೀಸರ ಗೌರವದ ಹೆಸರು ಎಂದು ಬು ಎಂಡಾಂಗ್ ವಿವರಿಸಿದಾಗ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಧಾರವಾಡದಲ್ಲಿ ಅದರ ಅರ್ಥ ಏನು ಎಂದು ಹೇಳಿದ ಮೇಲೆ ಬು ಎಂಡಾಂಗ್ ಸ್ಟಿಯರಿಂಗ್ ಹಿಡಿದುಕೊಂಡೇ ಕಣ್ಣೀರು ಬರುವ ಹಾಗೆ ನಕ್ಕರು.

ಅಲ್ಲಿಂದ ಇಬ್ಬರಿಗೂ ಅದೇ ಆಟವಾಯಿತು. ಭಾಷೆಗೆ ಬಹಾಸಾ. ಹೆಸರಿಗೆ ನಾಮಾ. ರುಚಿಗೆ ರಸಾ. ಗಂಡನಿಗೆ ಸುಆಮಿ, ಹೆಂಡತಿಗೆ ಇಸ್ತ್ರಿ. ಅಷ್ಟರಲ್ಲಿ ಮಳೆ ಹೊಡೆಯಿತು. ಎಂಥ ಮಳೆ ಎಂದರೆ ಕಾರಿನ ತಗಡಿನ ಮೇಲೆ ಹಿಡಿ ಹಿಡಿ ಕಡಲೆ ಸುರಿದಂತೆ. ಬೈಕಿನವರೆಲ್ಲ ಮೇಲ್ಸೇತುವೆಯ ಕೆಳಗೆ ಸೇರಿ ನಿಂತು ರೇನ್‌ಕೋಟು ತೊಟ್ಟರು. ದಾರಿ ಕಟ್ಟಿತು. ಎಷ್ಟೋ ಹೊತ್ತು ಕಾರು ಅಲುಗಾಡಲಿಲ್ಲ. ಬು ಎಂಡಾಂಗ್ ಚೀಲದಿಂದ ಹುರಿದ ಬಾಳೆಕಾಯಿ ತೆಗೆದು ಕೊಟ್ಟರು. ಮಳೆಯ ನಡುವೆಯೇ ಒಂದು ಮಸೀದಿಯಿಂದ ಆಜಾನ್ ಎದ್ದಿತು, ಅದು ಮುಗಿಯುವ ಮೊದಲೇ ಇನ್ನೊಂದು ದಿಕ್ಕಿನಿಂದ ಇನ್ನೊಂದು, ಮತ್ತೊಂದು.

ಕೃಪಾಳ ಮನೆಯಿದ್ದದ್ದು ತೆಬೆತ್ ಎಂಬ ಬಡಾವಣೆಯ ಒಂದು ಓಣಿಯಲ್ಲಿ. ಕಾರು ಓಣಿಯ ಬಾಯಲ್ಲೇ ನಿಲ್ಲಬೇಕು, ಮುಂದೆ ನಡಿಗೆ. ಕೆಳಗೆ ಬು ಎಂಡಾಂಗ್, ಮೇಲಿನ ಎರಡು ಕೋಣೆ ಕೃಪಾಳದು. ಅವಳು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೆಟ್ಟಿಲ ಬಳಿ ಊರುಗೋಲು ಹಿಡಿದು ನಿಂತಿದ್ದಳು. ಅಮ್ಮನನ್ನು ಕಂಡು ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು, ಮಧ್ಯೆ ಅತ್ತಳು, ತೆಳ್ಳಗಾಗಿದ್ದಳು. ಅಕ್ಕ ಕೈಕಾಲು ತೊಳೆದು ನೇರ ಒಲೆಯ ಹತ್ತಿರ ಹೋದರು. ಊರಿಂದ ತಂದ ಮೆಂತ್ಯಹಿಟ್ಟು, ಚಟ್ನಿಪುಡಿ ಹೊರಗೆ ಬಂದವು. ಅನ್ನ ಬೇಯಿತು, ತಿಳಿಸಾರಿಗೆ ಒಗ್ಗರಣೆ ಬಿತ್ತು. ಕೃಪಾ ಎರಡನೇ ಸಲ ಬಡಿಸಿಕೊಂಡು ಉಂಡಳು. ಮೂಳೆ ಚೆನ್ನಾಗಿ ಕೂಡಿಕೊಳ್ಳುತ್ತಿದೆಯೆಂದು ಆಸ್ಪತ್ರೆಯವರು ಹೇಳಿದ್ದಾರೆ ಎನ್ನುತ್ತಾ ಎಕ್ಸ್‌ರೇ ಚಿತ್ರವನ್ನು ತೋರಿಸಿದಳು. ಅಕ್ಕನಿಗೆ ಮೊದಲ ಸಮಾಧಾನ ಅದು.

ಊಟವಾದ ಮೇಲೆ ಇಬ್ಬರೂ ಬಾಲ್ಕನಿಯ ಬಾಗಿಲ ಹತ್ತಿರ ಕೂತರು. ಮಳೆ ನಿಂತು ಓಣಿಗೆ ಮತ್ತೆ ಜೀವ ಬಂದಿತ್ತು. ಹುಡುಗರು ಚೆಂಡು ಒದೆಯುತ್ತಿದ್ದರು. ಎದುರು ಮನೆಯವರು ಪಂಜರದಲ್ಲಿ ಸಾಕಿದ ಹಕ್ಕಿಗಳು ಕೂಗುತ್ತಿದ್ದವು. ಮೂಲೆಯಲ್ಲಿ ಯಾರೋ ಕಬ್ಬಿಣ ಕೊಯ್ಯುತ್ತಿದ್ದರು. ಗಾಡಿ ತಳ್ಳಿಕೊಂಡು ಬಂದವನೊಬ್ಬ ಬಟ್ಟಲಿಗೆ ಚಮಚ ಬಡಿದು ಟಿಂಗ್ ಟಿಂಗ್ ಎನಿಸಿದ, ಅದು ಮಾಂಸದುಂಡೆಯ ಸೂಪಿನವನ ಗುರುತು ಎಂದಳು ಕೃಪಾ. ಇನ್ನೊಬ್ಬ ಬ್ರೆಡ್ಡಿನ ಪೆಟ್ಟಿಗೆಯಿಂದ ಒಂದು ಹಾಡು ಹಾಕಿಕೊಂಡು ಹೋದ. ಆಗ ಕೃಪಾ ಕಿವಿ ಹೇಗಿದೆಯಮ್ಮಾ ಎಂದು ಕೇಳಿದಳು.

ಕೇಳಿದಾಗಲೇ ಅಕ್ಕನಿಗೆ ಅದರ ನೆನಪು ಬಂದದ್ದು. ಕಿವಿಗೊಟ್ಟರು. ಬಲಗಡೆ ಹುಡುಕಿದರು, ಎಡಗಡೆ ಹುಡುಕಿದರು. ಸೀಟಿ ಇರಲಿಲ್ಲ. ಯಾವಾಗಿನಿಂದ ಇಲ್ಲ ಎಂದು ಹಿಂದಕ್ಕೆ ಹೋಗಿ ನೋಡಿದರು. ಮಳೆಯಲ್ಲಿ ಇರಲಿಲ್ಲ, ಭಯಂಕರದ ಫಲಕ ಓದುವಾಗ ಇರಲಿಲ್ಲ. ವಿಮಾನ ನಿಲ್ದಾಣದಲ್ಲಿ ಬೂಚು ತೆಗೆದ ಮೇಲೆ ಅದರ ಪತ್ತೆಯೇ ಇಲ್ಲ. ಮಗಳಿಗೆ ಹೇಳಲು ಬಾಯಿ ತೆರೆದರು, ಹೇಳಿದರೆ ಎಲ್ಲಿ ಬಂದುಬಿಡುತ್ತದೋ ಎಂದು ಹೆದರಿ ಚಹಾದ ಲೋಟ ಎತ್ತಿಕೊಂಡರು.

ಅಷ್ಟರಲ್ಲಿ ಬಂದೇ ಬಂದಿತು. ಮೊದಲು ಸಣ್ಣಗೆ, ಎಲ್ಲೋ ದೂರದಲ್ಲಿ. ಆಮೇಲೆ ಸ್ಪಷ್ಟವಾಗಿ, ಅದೇ ಎತ್ತರದ, ಒಂದೇ ಎಳೆಯ, ಉಸಿರು ತೆಗೆದುಕೊಳ್ಳದ ಸೀಟಿ. ಅಕ್ಕನ ಕೈಯಲ್ಲಿದ್ದ ಚಹಾದ ಲೋಟ ಹಾಗೇ ನಿಂತಿತು. ಸದ್ದು ಒಂದೊಂದೇ ಗಳಿಗೆಗೆ ಏರುತ್ತಿತ್ತು. ಇಷ್ಟು ಜೋರಾಗಿ ಎಂದೂ ಕೇಳಿರಲಿಲ್ಲ. ತಾವು ಹೆದರಿದ್ದೇ ಆಯಿತು, ಈ ಊರು ಕಿವಿಯನ್ನು ಪೂರ್ತಿ ಕೆಡಿಸಿತು ಎಂದುಕೊಂಡರು.

ಅಮ್ಮನ ಮುಖ ಬಿಳಿಚಿದ್ದು ಕಂಡು ಕೃಪಾ ಏನಾಯಿತು ಎಂದಳು.

"ಬಂತು ನೋಡು ಮತ್ತ," ಎಂದರು ಅಕ್ಕ. "ಆ ಸೀಟಿ. ಭಾಳ ಜೋರ್ ಬಂದದ."

ಕೃಪಾ ಕಿವಿಗೊಟ್ಟಳು. ಆಮೇಲೆ, ಎಷ್ಟೋ ವರ್ಷಗಳಿಂದ ಅಮ್ಮನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ, ಪದ ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದಳು: "ಅಮ್ಮಾ, ನನಗೂ ಕೇಳಸ್ತದ."

ಅಕ್ಕನಿಗೆ ಮಾತು ಅರ್ಥವಾಗಲಿಲ್ಲ. ಕೃಪಾ ಊರುಗೋಲು ಹಿಡಿದು ಎದ್ದು ಅಮ್ಮನ ತೋಳು ಹಿಡಿದು ಬಾಲ್ಕನಿಗೆ ಎಳೆದುಕೊಂಡು ಹೋಗಿ ಕೆಳಗೆ ತೋರಿಸಿದಳು. ಓಣಿಯ ದೀಪದ ಕೆಳಗೆ ಒಬ್ಬ ಗಾಡಿಯವನು ನಿಂತಿದ್ದ. ಗಾಡಿಯ ಮೇಲೆ ತಗಡಿನ ಡಬ್ಬಿ, ಅದರ ಸಣ್ಣ ತೂತಿನಿಂದ ಹಬೆ ಬಿಳಿಯ ಎಳೆಯಾಗಿ ಹೊರಡುತ್ತಿತ್ತು. ಸೀಟಿ ಆ ತೂತಿನದು. ಪುತು ಎಂಬ ತಿಂಡಿ ಮಾರುವವನು ಅವನು. ಹಬೆಯ ಸೀಟಿಯೇ ಅವನ ಕೂಗು. ಅದು ಕೇಳಿದರೆ ಜನ ಬಾಗಿಲು ತೆಗೆದು ಹೊರಗೆ ಬರುತ್ತಾರೆ. ಕೆಳಗಿನಿಂದ ಬು ಎಂಡಾಂಗ್ ಆಗಲೇ ತಟ್ಟೆ ಹಿಡಿದು ಹೊರಗೆ ಬಂದಿದ್ದರು. ಚೆಂಡಾಡುತ್ತಿದ್ದ ಹುಡುಗರೂ ಗಾಡಿಯ ಸುತ್ತ ಸೇರಿದರು. ಎಲ್ಲರಿಗೂ ಕೇಳಿಸಿತ್ತು.

"ನಾ ಅಲ್ಲೇ ಕುಂತುಬಿಟ್ಟೆ ನೋಡು ಧೀರಜ್," ಎಂದು ಅಕ್ಕ ನನಗೆ ಹೇಳಿದರು. "ಬಾಲ್ಕನಿ ಕಠಡಾ ಹಿಡಕೊಂಡು ನೆಲದ ಮ್ಯಾಲೆ ಕುಂತು ಅತ್ತೆ. ಎರಡು ವರ್ಷ ಆಗಿತ್ತು, ನನಗ ಕೇಳೋ ಸದ್ದು ಮತ್ತೊಬ್ಬರಿಗೆ ಕೇಳಿರಲಿಲ್ಲ."

ಬು ಎಂಡಾಂಗ್ ತಟ್ಟೆ ಹಿಡಿದು ಮೇಲೆ ಬಂದಾಗ ಅಮ್ಮ ಅಳುತ್ತಿದ್ದರು, ಮಗಳು ನಗುತ್ತಿದ್ದಳು. ಏನು ಎತ್ತ ಎಂದು ಕೃಪಾ ಅವರ ಭಾಷೆಯಲ್ಲಿ ವಿವರಿಸಿದಳು. ಅವರು ಅಕ್ಕನ ಪಕ್ಕ ನೆಲದ ಮೇಲೇ ಕೂತು ತಟ್ಟೆ ಮುಂದೆ ಇಟ್ಟರು. ಬಿದಿರಿನ ಸಣ್ಣ ಕೊಳವೆಯಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ತುಂಡುಗಳು, ನಡುವೆ ಕರಗಿದ ತಾಳೆಬೆಲ್ಲ, ಮೇಲೆ ಹಸಿ ಕೊಬ್ಬರಿ ತುರಿ. ಮೂವರೂ ಕೈ ಹಾಕಿ ತಿಂದರು. ಮಂಗಳೂರಿನ ಕಡೆಯ ಪುಟ್ಟು ಇದರ ಅಕ್ಕನೋ ತಂಗಿಯೋ ಇರಬೇಕು ಎಂದು ಅಕ್ಕನಿಗೆ ಅನಿಸಿತು.

ಸೀಟಿ ಅಲ್ಲಿಗೆ ಶಾಶ್ವತವಾಗಿ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಗಿನ ಜಾವ, ಓಣಿ ಇನ್ನೂ ಏಳುವ ಮುನ್ನ ಸ್ವಲ್ಪ ಹೊತ್ತು ಅದು ಬರುತ್ತಿತ್ತು. ಆದರೆ ಅಕ್ಕ ಈಗ ಎದ್ದು ಕೂತು ಗಾಬರಿಯಾಗಲಿಲ್ಲ. ಹುಂಜ ಕೂಗುತ್ತದೆ, ಆಜಾನ್ ಆಗುತ್ತದೆ, ಮೊದಲ ಬೈಕು ಹೊರಡುತ್ತದೆ, ಆಮೇಲೆ ಇದು ಯಾವ ಲೆಕ್ಕ ಎಂದು ಮಗ್ಗುಲು ಬದಲಿಸಿ ಮಲಗುತ್ತಿದ್ದರು. ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದರು.

ಮಗಳು ನಡೆಯುವಂತಾಗುವ ತನಕ ಅಲ್ಲೇ ಇದ್ದರು. ಕೃಪಾ ಲ್ಯಾಪ್‌ಟಾಪ್ ಹಿಡಿದು ಕೆಲಸಕ್ಕೆ ಕೂತಾಗ ಬು ಎಂಡಾಂಗ್ ಅವರನ್ನು ಊರು ತೋರಿಸಲು ಕರೆದುಕೊಂಡು ಹೋಗುತ್ತಿದ್ದರು. ರಸ್ತೆ ದಾಟುವುದನ್ನು ಅಕ್ಕ ಹೊಸದಾಗಿ ಕಲಿತರು. ಕೈ ಸ್ವಲ್ಪ ಮುಂದೆ ಚಾಚಿ, ಓಡದೆ, ನಿಲ್ಲದೆ, ಒಂದೇ ಸಮ ನಡೆದರೆ ಬೈಕುಗಳು ತಾವೇ ಎರಡು ಹೋಳಾಗಿ ಹೋಗುತ್ತವೆ. ಊರ ನಡುವಿನ ದೊಡ್ಡ ರಸ್ತೆಯಲ್ಲಿ ಅರ್ಜುನನ ರಥದ ಭಾರಿ ವಿಗ್ರಹವೊಂದಿದೆ, ಕುದುರೆಗಳ ಸಾಲೇ ಇದೆ. ಮುಸಲ್ಮಾನರ ಊರಿನಲ್ಲಿ ಕೃಷ್ಣ ಸಾರಥಿಯಾಗಿ ಕೂತದ್ದನ್ನು ಸಿಗ್ನಲ್ಲಿನಲ್ಲಿ ನಿಂತ ಕಾರಿನ ಕಿಟಕಿಯಿಂದ ನೋಡಿ ಅಕ್ಕ ಗುರುರಾಜರಿಗೆ ಫೋಟೊ ಕಳಿಸಿದರು. ಇಲ್ಲಿ ನೀವು ಸ್ವಾಮಿ, ನಾನು ಇಸ್ತ್ರಿ ಎಂದು ಕೆಳಗೆ ಬರೆದರು. ಗುರುರಾಜ್ ಆ ಸಂದೇಶವನ್ನು ನೀರಿನ ಟ್ಯಾಂಕಿನ ಬಳಿ ನಿಂತು ಓದಿ, ಹೆಂಡತಿ ಮತ್ತೆ ತಮಾಷೆ ಮಾಡುತ್ತಿದ್ದಾಳೆ ಎಂದು ಗೊತ್ತಾಗಿ, ಸಹೋದ್ಯೋಗಿಗಳಿಗೆ ಕಾಣದ ಹಾಗೆ ಕಣ್ಣೊರೆಸಿಕೊಂಡರಂತೆ. ಇದನ್ನು ಅವರೇ ನನಗೆ ಹೇಳಿದರು.

ವಾಪಸು ಬರುವಾಗ ಅಕ್ಕನಿಗೆ ಒಳಗೊಳಗೇ ಅಳುಕು ಇತ್ತು. ಈ ತಣ್ಣಗಿನ ಊರಿನಲ್ಲಿ ಮತ್ತೆ ಅದೇ ಆದರೆ? ಆಯಿತು ಕೂಡ. ಮನೆಗೆ ಕಾಲಿಟ್ಟ ಸಂಜೆಯೇ ಸೀಟಿ ಕೇಳಿತು. ಆಗ ಮಗಳು ಬಾಲ್ಕನಿಯಲ್ಲಿ ಫೋನಿಟ್ಟು ಹಿಡಿದು ಕೊಟ್ಟಿದ್ದ ಓಣಿಯ ಧ್ವನಿಮುದ್ರಣವನ್ನು ಸಣ್ಣಗೆ ಹಚ್ಚಿದರು. ಹಕ್ಕಿ, ಬೈಕು, ಹುಡುಗರ ಗಲಾಟೆ, ಚಮಚದ ಟಿಂಗ್ ಟಿಂಗ್. ಪಾಮರ್ಸ್ಟನ್ ನಾರ್ತ್‌ನ ಮನೆಯಲ್ಲಿ ಜಕಾರ್ತದ ಹುಂಜ ಕೂಗಿತು. ಪಕ್ಕದ ಮನೆಯ, ಈ ದೇಶದವನೇ ಆದ ಮುದುಕ ಬೇಲಿಯ ಮೇಲಿಂದ ಇಣುಕಿ, ಕೋಳಿ ಸಾಕಿದ್ದೀರಾ ಎಂದು ವಿಚಾರಿಸಿದ. ಅಕ್ಕ ಕಿವಿಯ ತಜ್ಞೆಯ ಹತ್ತಿರ ಹೋಗಿ ಎಲ್ಲ ಹೇಳಿದಾಗ ಅವಳು, ನಾನು ಮೊದಲೇ ಹೇಳಿದ್ದು ಇದನ್ನೇ, ಹಿನ್ನೆಲೆಯಲ್ಲಿ ಒಂದು ಸಣ್ಣ ಸದ್ದು ಇರಲಿ ಎಂದಿದ್ದೆ, ಆದರೆ ನನ್ನ ಹತ್ತಿರ ಇದ್ದದ್ದು ಬರೀ ಸಮುದ್ರದ ಅಲೆಯ ಸದ್ದು ಎಂದು ನಕ್ಕಳು.

ಕಿಟಕಿಯ ದಪ್ಪ ಪರದೆಗಳನ್ನು ಅಕ್ಕ ತೆಗೆಸಿದರು. ಪಾಠ ಮತ್ತೆ ಶುರುವಾಯಿತು, ಈಗ ಕಿಟಕಿಯ ಗಾಜು ಎರಡು ಬೆರಳಷ್ಟು ಇಳಿಸಿಕೊಂಡು. ಹೊಸ ವಿದ್ಯಾರ್ಥಿಗಳಲ್ಲಿ ಶ್ರೀರಕ್ಷಾ ಎಂಬ ಬೆಂಗಳೂರಿನ ಹುಡುಗಿಯೊಬ್ಬಳು ರೌಂಡಬೌಟಿಗೆ ಬಂದರೆ ಸ್ಟಿಯರಿಂಗ್ ಬಿಟ್ಟುಬಿಡುವಷ್ಟು ಹೆದರುತ್ತಿದ್ದಳು. ಅಕ್ಕ ಜಕಾರ್ತದ ವಿಡಿಯೊ ತೋರಿಸಿ, ಇಷ್ಟು ಜನ ಬದುಕಿ ಮನೆಗೆ ಹೋಗುತ್ತಾರೆ, ನಿನಗೆ ಇಲ್ಲಿ ಎದುರಾಗುವುದು ಒಂದು ಹಾಲಿನ ಲಾರಿ ಎಂದು ಧೈರ್ಯ ಹೇಳಿದರು. ಅವಳು ಕಳೆದ ತಿಂಗಳು ಪಾಸಾದಳು.

ಈ ಯುಗಾದಿಗೆ ಅಕ್ಕ ಬಳಗದ ಊಟಕ್ಕೆ ಬಂದರು. ಹೋಳಿಗೆ ಬಡಿಸುತ್ತಾ, ಇಷ್ಟು ದಿನ ಎಲ್ಲಿದ್ದಿರಿ ಎಂದು ಯಾರೋ ಕೊಂಕಾಗಿ ಕೇಳಿದರು. ಅಕ್ಕ ತಟ್ಟೆ ಕೆಳಗಿಟ್ಟು, ಮುಚ್ಚುಮರೆಯಿಲ್ಲದೆ, ಕಿವಿಯ ಕಥೆಯನ್ನು ಮೊದಲಿಂದ ಕೊನೆಯ ತನಕ ಹೇಳಿದರು. ಮೇನ್ ಸ್ವಿಚ್ ಆರಿಸಿದ್ದು, ಬೂಚು, ಪುತುವಿನ ಗಾಡಿ ಎಲ್ಲ. ಕೇಳಿದವರು ಕೆಲವರು ನಕ್ಕರು, ಕೆಲವರು ಅಕ್ಕನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು.

ಊಟ ಮುಗಿದು ಎಲ್ಲರೂ ಕುರ್ಚಿ ಮಡಚುವಾಗ ಜಯಲಕ್ಷ್ಮಿ ಆಂಟಿ ಬಂದರು. ಬಳಗದಲ್ಲೇ ಹಿರಿಯರು, ಮಾತು ಕಡಿಮೆ, ಎಲ್ಲಿ ಸೇರಿದರೂ ಮೂಲೆ ಹಿಡಿದು ಕೂರುವವರು. ಅವರಿಗೆ ಕಿವಿ ಕೇಳುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಅಕ್ಕನ ಕೈ ಹಿಡಿದು ತಗ್ಗಿದ ದನಿಯಲ್ಲಿ, "ನನ್ನದು ಸೀಟಿ ಅಲ್ಲ ಕಣಮ್ಮ, ಜೀರುಂಡೆ. ಮನೆಯವರು ಹೋದಾಗಿನಿಂದ ಇದೆ. ಯಾರಿಗೂ ಹೇಳಿಲ್ಲ," ಎಂದರು.

ಅಕ್ಕ ಮಡಚಿದ್ದ ಎರಡು ಕುರ್ಚಿ ಬಿಡಿಸಿ ಹಾಕಿದರು. ಸಭಾಂಗಣಕ್ಕೆ ಬೀಗ ಹಾಕುವವರು ಬಂದು ನಿಂತರೂ ಇಬ್ಬರೂ ಏಳಲಿಲ್ಲ.